ಕುದುರೆಯ ದಮ್ಮು ಅಳೆಯೋದು ಹೇಗೆ: ಕಾರವಾರದ ಸೆಕೆಯಲ್ಲಿ ಕಲಿತ ಲೆಕ್ಕ

ಏಪ್ರಿಲ್ ತಿಂಗಳ ಒಂದು ಸಂಜೆ, ನಾಲ್ಕೂವರೆ ಗಂಟೆ. ಮಾಜಾಳಿ ಕಡೆಯ ಮರಳಿನ ಮೇಲೆ ನನ್ನ ಹೆಣ್ಣು ಕುದುರೆ ಕಾಳಿಯನ್ನು ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದೆ. ಹತ್ತು ನಿಮಿಷ ಕಳೆದರೂ ಎದೆಬಡಿತ 72ರಿಂದ ಕೆಳಗೆ ಇಳಿಯಲಿಲ್ಲ. ಪಕ್ಕೆಗಳು ತಿದಿಯಂತೆ ಹೊಡೆದುಕೊಳ್ಳುತ್ತಿದ್ದವು. ದಮ್ಮು ಸಾಲದು ಅಂದುಕೊಂಡು ಮರುದಿನದಿಂದ ಓಟ ಜಾಸ್ತಿ ಮಾಡಿದೆ. ಮೂರನೇ ದಿನ ಅವಳು ಹುರುಳಿಯನ್ನೇ ಮುಟ್ಟಲಿಲ್ಲ.

ಎರಡು ವಾರ ಬಿಟ್ಟು ಬೇರೆ ಕೆಲಸಕ್ಕೆ ಘಟ್ಟದ ಮೇಲಿನ ಶಿರಸಿಗೆ ಹೋಗಬೇಕಾಯಿತು. ಅವಳನ್ನೂ ಗಾಡಿಯಲ್ಲಿ ಕರೆದುಕೊಂಡು ಹೋದೆ. ಬೆಳಿಗ್ಗೆ ಭಾವನ ತೋಟದ ಮಣ್ಣು ರಸ್ತೆಯಲ್ಲಿ ಅಷ್ಟೇ ದೂರ, ಅಷ್ಟೇ ವೇಗ. ಹತ್ತು ನಿಮಿಷಕ್ಕೆ ಬಡಿತ 56. ಅಡಿಕೆ ಅಂಗಳದಲ್ಲಿ ಸ್ಟೆತಸ್ಕೋಪ್ ಹಿಡಿದು ಕೂತಿದ್ದ ನನ್ನನ್ನು ನೋಡಿ ಭಾವ, "ಕುದ್ರೆಗೂ ಬಿಪಿ ನೋಡ್ತ್ಯಾ ಮಾರಾಯಾ?" ಅಂದ. ದಾರಿ ಬೇರೆ, ಹೊತ್ತು ಬೇರೆ, ಹಾಗಾಗಿ ಇದು ಸರಿಯಾದ ಹೋಲಿಕೆ ಅಲ್ಲ. ಆದರೆ ಹದಿನೈದು ದಿನದಲ್ಲಿ ಯಾವ ಕುದುರೆಯೂ ಇಷ್ಟು ಬದಲಾಗೋದಿಲ್ಲ. ಬದಲಾದದ್ದು ಹವೆ. ಕರಾವಳಿಯ ಸೆಕೆಯನ್ನು ಲೆಕ್ಕಕ್ಕೇ ಹಿಡಿಯದೆ ನಾನು ಕುದುರೆಗೆ ಶಿಕ್ಷೆ ಕೊಟ್ಟಿದ್ದೆ.

ಅವತ್ತಿನಿಂದ ಒಂದು ಪಟ್ಟಿ ಪುಸ್ತಕ ಇಟ್ಟಿದ್ದೇನೆ. ಅದರಲ್ಲಿ ಏನು ಬರೆಯಬೇಕು, ಯಾವ ಕ್ರಮದಲ್ಲಿ ಅಳೆಯಬೇಕು ಅನ್ನೋದನ್ನು ಇಲ್ಲಿ ಹೇಳುತ್ತೇನೆ. ಸವಾರಿಗೋ ಶೋಕಿಗೋ ಒಂದೆರಡು ಕುದುರೆ ಸಾಕಿದವರಿಗೆ ಇಷ್ಟು ಸಾಕು.

ಬೇಕಾಗುವ ಸಾಮಾನು

ಒಂದು ಸಾದಾ ಸ್ಟೆತಸ್ಕೋಪ್, ಡಿಜಿಟಲ್ ಥರ್ಮಾಮೀಟರ್, ದರ್ಜಿಯವರ ಟೇಪು, ಮೊಬೈಲ್ ಫೋನು, ಪುಸ್ತಕ. ಥರ್ಮಾಮೀಟರ್‌ಗೆ ಒಂದು ಗೇಣು ದಾರ ಕಟ್ಟಿ, ದಾರದ ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ. ಆ ಕ್ಲಿಪ್ಪನ್ನು ಬಾಲದ ಕೂದಲಿಗೆ ಸಿಕ್ಕಿಸಬೇಕು. ಕುದುರೆಯ ಮೈಶಾಖ ನೋಡೋದು ಗುದದಲ್ಲಿ, ಕ್ಲಿಪ್ ಇಲ್ಲದಿದ್ದರೆ ಥರ್ಮಾಮೀಟರ್ ಒಳಗೆ ಜಾರಿ ಹೋಗಬಹುದು, ಸಗಣಿಯ ಜೊತೆ ಹಾರಿ ಬೀಳಲೂಬಹುದು. ನನ್ನ ಮೊದಲನೆಯದು ಗೊರಸಿನ ಅಡಿಗೆ ಸಿಕ್ಕಿ ಪುಡಿಯಾಯಿತು.

ಎದೆಬಡಿತ ತೋರಿಸುವ ಬೆಲ್ಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಅದರ ಮಾತು ಆಮೇಲೆ.

ಹಂತ 1: ಸುಮ್ನೆ ನಿಂತಾಗ ಎಷ್ಟು?

ಏಳು ದಿನ ಬೆಳಿಗ್ಗೆ, ಮೇವು ಹಾಕುವ ಮೊದಲು, ಲಾಯದಲ್ಲೇ ಅಳೆಯಿರಿ. ಎಡಗಡೆ ನಿಂತು, ಮುಂಗಾಲಿನ ಮೊಣಕೈ ಹಿಂದೆ, ಜೀನಿನ ಪಟ್ಟಿ ಬರುವ ಜಾಗದಲ್ಲಿ ಸ್ಟೆತಸ್ಕೋಪನ್ನು ಒಳಕ್ಕೂ ಸ್ವಲ್ಪ ಮುಂದಕ್ಕೂ ಒತ್ತಬೇಕು. ಲಬ್-ಡಬ್ ಎರಡೂ ಸೇರಿ ಒಂದು ಬಡಿತ. ಹೊಸಬರು ಎರಡು ಅಂತ ಎಣಿಸಿ ಗಾಬರಿಯಾಗುತ್ತಾರೆ. ಸ್ಟೆತಸ್ಕೋಪ್ ಇಲ್ಲದಿದ್ದರೆ ಕೆಳದವಡೆಯ ಎಲುಬಿನ ಅಡಿಯಲ್ಲಿ ಬೆರಳಿಗೆ ಒಂದು ದಾರದಂಥ ನಾಡಿ ಸಿಗುತ್ತದೆ. ಹೆಬ್ಬೆರಳಿನಿಂದ ನೋಡಬೇಡಿ, ನಿಮ್ಮದೇ ನಾಡಿ ಸಿಕ್ಕೀತು.

ಬೆಳೆದ ಕುದುರೆಗೆ ನಿಮಿಷಕ್ಕೆ 28ರಿಂದ 44 ಬಡಿತ, 8ರಿಂದ 16 ಉಸಿರು, 37.2ರಿಂದ 38.3 ಡಿಗ್ರಿ ಸೆಲ್ಸಿಯಸ್ ಮೈಶಾಖ. ಪೂರ್ತಿ ಒಂದು ನಿಮಿಷ ಎಣಿಸಿ. ಯಾಕೆಂದರೆ ಆರೋಗ್ಯವಾಗಿರುವ ಎಷ್ಟೋ ಕುದುರೆಗಳ ಹೃದಯ ವಿಶ್ರಾಂತಿಯಲ್ಲಿ ಆಗಾಗ ಒಂದು ಬಡಿತ ಬಿಟ್ಟುಬಿಡುತ್ತದೆ. ಟಕ್, ಟಕ್, ಟಕ್, ಆಮೇಲೆ ಮೌನ, ಮತ್ತೆ ಟಕ್. ನಾಲ್ಕು ಹೆಜ್ಜೆ ಓಡಿಸಿದರೆ ಲಯ ಸರಿಯಾಗುತ್ತದೆ, ಆಗ ಭಯ ಬೇಡ. ಓಡಿದ ಮೇಲೂ ತಪ್ಪುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಈಗ ಒಂದು ತಪ್ಪು ತಿಳುವಳಿಕೆಯ ಬಗ್ಗೆ. ಓಟಗಾರ ಮನುಷ್ಯರಿಗೆ ಅಭ್ಯಾಸ ಆದಂತೆ ವಿಶ್ರಾಂತಿಯ ನಾಡಿ ಇಳಿಯುತ್ತದೆ, ಅಲ್ವಾ? ಕುದುರೆಗೂ ಹಾಗೇ ಅಂತ ತುಂಬಾ ಜನ ನಂಬಿದ್ದಾರೆ. ಕುದುರೆಯಲ್ಲಿ ಅದು ಹೇಳಿಕೊಳ್ಳುವಷ್ಟು ಬದಲಾಗೋದಿಲ್ಲ. ಗರಿಷ್ಠ ಬಡಿತವೂ ಅಷ್ಟೆ: 220ರಿಂದ 240ರ ಆಸುಪಾಸು, ಎಷ್ಟು ತಯಾರಿ ಮಾಡಿದರೂ ಅಲ್ಲೇ. ಬದಲಾಗೋದು ನಡುವಿನದು. ಅದೇ ಬಡಿತದಲ್ಲಿ ಜಾಸ್ತಿ ವೇಗ ಬರುತ್ತದೆ, ನಿಂತ ಮೇಲೆ ಬೇಗ ಇಳಿಯುತ್ತದೆ. ಹಾಗಾದರೆ ಬೆಳಗಿನ ಲೆಕ್ಕ ಯಾಕೆ? ಕಾಯಿಲೆ ಹಿಡಿಯಲಿಕ್ಕೆ. ದಿನಾ 36 ಇರುವ ಕುದುರೆ ಒಂದು ಬೆಳಿಗ್ಗೆ 48 ತೋರಿಸಿದರೆ ಅವತ್ತು ಓಟ ರದ್ದು. ಎಲ್ಲೋ ನೋವೋ ಜ್ವರವೋ ಇದೆ.

ಹಂತ 2: ತೂಕ

ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ಎಲುಬಿನವರೆಗೆ ಉದ್ದ, ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಕಾಳಿಗೆ 160 ಮತ್ತು 145, ಅಂದರೆ ಸುಮಾರು 312 ಕಿಲೋ. ಒಮ್ಮೆ ಲಾರಿ ತೂಗುವ ವೇ ಬ್ರಿಜ್ ಮೇಲೂ ನಿಲ್ಲಿಸಿ ನೋಡಿದೆ. ಅದರ ಮುಳ್ಳು ಹತ್ತತ್ತು ಕಿಲೋಗೆ ಜಿಗಿಯುತ್ತದೆ, ಆದರೂ ಟೇಪಿನ ಲೆಕ್ಕಕ್ಕೆ ಹತ್ತಿರ ಬಂತು. ಹದಿನೈದು ದಿನಕ್ಕೊಮ್ಮೆ ಸಾಕು.

ಹಂತ 3: ಓಡಿಸುವ ಮೊದಲು ಹವೆ ನೋಡಿ

ನಮ್ಮ ಕಡೆಯವರಿಗೆ ಮುಖ್ಯವಾದ ಹಂತ ಇದೇ ಅಂತ ನನ್ನ ಅಭಿಪ್ರಾಯ.

ಕೆಲಸ ಮಾಡುವ ಸ್ನಾಯು ತಾನು ಉರಿಸಿದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲನ್ನು ಶಾಖವಾಗಿ ಬಿಡುತ್ತದೆ. ಕುದುರೆ ಆ ಶಾಖವನ್ನು ಹೆಚ್ಚಾಗಿ ಬೆವರಿನ ಮೂಲಕ ಹೊರಹಾಕುತ್ತದೆ. ಬೆವರು ಆರಿದರೆ ಮಾತ್ರ ಮೈ ತಂಪಾಗೋದು. ಕಾರವಾರ, ಅಂಕೋಲಾ, ಕುಮಟಾದಲ್ಲಿ ಹಾಸಿದ ಲುಂಗಿಯೇ ಸಂಜೆ ತನಕ ಆರೋದಿಲ್ಲ, ಇನ್ನು ಕುದುರೆಯ ಬೆನ್ನು ಆರೀತಾ? ಬೆವರು ಸುಮ್ನೆ ತೊಟ್ಟಿಕ್ಕುತ್ತದೆ. ನೀರೂ ಉಪ್ಪೂ ಹೋಯಿತು, ತಂಪು ಮಾತ್ರ ಸಿಗಲಿಲ್ಲ.

ಇದಕ್ಕೆ ಕುದುರೆಯವರು ಬಳಸುವ ಒಂದು ಸುಲಭ ಲೆಕ್ಕ ಇದೆ. ಹವೆಯ ಶಾಖವನ್ನು ಫ್ಯಾರನ್‌ಹೀಟ್‌ನಲ್ಲಿ ತೆಗೆದುಕೊಳ್ಳಿ. ಅದಕ್ಕೆ ಗಾಳಿಯ ತೇವಾಂಶದ ಶೇಕಡಾವಾರು ಅಂಕಿ ಕೂಡಿಸಿ. ಮೊಬೈಲಿನ ಹವಾಮಾನದ ಪುಟದಲ್ಲಿ ಎರಡೂ ಸಿಗುತ್ತವೆ. ಮೊತ್ತ 130ಕ್ಕಿಂತ ಕಡಿಮೆ ಇದ್ದರೆ ಕುದುರೆ ತನ್ನಷ್ಟಕ್ಕೆ ತಂಪಾಗುತ್ತದೆ. 150 ದಾಟಿದರೆ ಕೆಲಸ ಕಡಿಮೆ ಮಾಡಿ, ನೀರು ಹತ್ತಿರ ಇಟ್ಟುಕೊಳ್ಳಿ. 180 ದಾಟಿದರೆ ಜೀನು ಹಾಕಲೇಬೇಡಿ.

ಏಪ್ರಿಲ್ ಸಂಜೆ 33 ಡಿಗ್ರಿ ಸೆಲ್ಸಿಯಸ್ ಅಂದರೆ 91 ಫ್ಯಾರನ್‌ಹೀಟ್. ತೇವಾಂಶ 75. ಮೊತ್ತ 166. ಡಿಸೆಂಬರ್ ಬೆಳಿಗ್ಗೆ ಶಿರಸಿಯಲ್ಲಿ 18 ಡಿಗ್ರಿ, ಅಂದರೆ 64. ತೇವಾಂಶ 70 ಇದ್ದರೂ ಮೊತ್ತ 134. ಕರಾವಳಿಯಲ್ಲಿ ನಾನು ಬರೆದಿಟ್ಟ ದಿನಗಳಲ್ಲಿ 140ಕ್ಕಿಂತ ಕೆಳಗೆ ಬಂದದ್ದೇ ಅಪರೂಪ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಹಡಗಿನಲ್ಲಿ ಬಂದು ಭಟ್ಕಳದ ಬಂದರಿನಲ್ಲಿ ಇಳಿಯುತ್ತಿದ್ದವು. ಒಣ ಮರುಭೂಮಿಯಿಂದ ಬಂದ ಆ ಪ್ರಾಣಿಗಳಿಗೆ ಘಟ್ಟ ಹತ್ತುವ ತನಕ ಹೇಗಾಗಿರಬೇಡ!

ಪುಸ್ತಕದಲ್ಲಿ ತಾರೀಕಿನ ಪಕ್ಕದಲ್ಲೇ ಈ ಮೊತ್ತ ಬರೆಯಿರಿ. ಹತ್ತು ಹದಿನೈದು ಅಂಕಿಗಿಂತ ಜಾಸ್ತಿ ವ್ಯತ್ಯಾಸ ಇರುವ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡಬೇಡಿ.

ಹಂತ 4: ಪರೀಕ್ಷೆಯ ಓಟ

ಪರೀಕ್ಷೆ ಅಂದರೆ ಪ್ರತಿ ಸಲವೂ ಅದೇ ಜಾಗ, ಅದೇ ದೂರ, ಅದೇ ವೇಗ, ಅದೇ ಸವಾರ. ಸಮುದ್ರ ದಂಡೆಯಲ್ಲಿ ಒಂದು ತೊಡಕು ಇದೆ. ಇಳಿತದ ಹೊತ್ತಿನಲ್ಲಿ ನೀರಂಚಿನ ಮರಳು ಗಟ್ಟಿ, ಕುದುರೆ ಸಲೀಸಾಗಿ ಓಡುತ್ತದೆ. ಮೇಲಿನ ಒಣ ಮರಳಿನಲ್ಲಿ ಗೊರಸು ಹೂತುಹೋಗುತ್ತದೆ, ಅದೇ ವೇಗಕ್ಕೆ ತುಂಬಾ ಜಾಸ್ತಿ ಶ್ರಮ. ಇಳಿತವೋ ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗುತ್ತ ಹೋಗುತ್ತದೆ. ಬೆಳಿಗ್ಗೆ ಆರೂವರೆಗೆ ಸಿಕ್ಕ ಇಳಿತ ಮತ್ತೆ ಅದೇ ಹೊತ್ತಿಗೆ ಸಿಗಲು ಸುಮಾರು ಹದಿನೈದು ದಿನ ಬೇಕು. ಇದು ಅನುಕೂಲವೇ ಆಯಿತು. ಹದಿನೈದು ದಿನಕ್ಕೊಂದು ಪರೀಕ್ಷೆ, ಅಮಾವಾಸ್ಯೆ ಹುಣ್ಣಿಮೆ ಲೆಕ್ಕ ಹಿಡಿದು. ಮೀನುಗಾರರನ್ನು ಕೇಳಿದರೆ ಹೊತ್ತು ನಿಖರವಾಗಿ ಹೇಳುತ್ತಾರೆ.

ಮೊದಲು ಹದಿನೈದು ನಿಮಿಷ ನಡಿಗೆ, ನಡುವೆ ಸ್ವಲ್ಪ ಟ್ರಾಟ್, ಅಂದರೆ ನಡಿಗೆಗೂ ಜೋರು ಓಟಕ್ಕೂ ನಡುವಿನ ಹದವಾದ ಓಟ. ಆಮೇಲೆ ಫೋನಿನಲ್ಲಿ ದೂರ ನೋಡಿಕೊಂಡು ಎರಡು ಕಿಲೋಮೀಟರ್ ಟ್ರಾಟ್, ಒಂಬತ್ತು ನಿಮಿಷಕ್ಕೆ. ಗಂಟೆಗೆ 13 ಕಿಲೋಮೀಟರ್‌ಗಿಂತ ಕೊಂಚ ಮೇಲೆ ಬೀಳುತ್ತದೆ. ನಾಗಾಲೋಟ ಬೇಡ. ಓಡಿಸುವ ಉಮೇದಿನಲ್ಲಿ ವೇಗ ಏರಿಸಿದರೆ ಪರೀಕ್ಷೆಗೆ ಅರ್ಥವೇ ಇಲ್ಲ.

ನಿಂತ ಕೂಡಲೇ ಇಳಿದು ಸ್ಟೆತಸ್ಕೋಪ್ ಹಾಕಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಒಂದು ತಪ್ಪಿದರೆ ನಾಲ್ಕು ತಪ್ಪಿದ ಹಾಗೆ, ಗಮನ ಇರಲಿ. ಈ ಮೊದಲ ಅಂಕಿಯನ್ನು ಪೂರ್ತಿ ನಂಬಬೇಡಿ. ನಿಂತ ಮೊದಲ ನಿಮಿಷದಲ್ಲಿ ಬಡಿತ ಎಷ್ಟು ಬೇಗ ಇಳಿಯುತ್ತದೆ ಅಂದರೆ, ನೀವು ರಿಕಾಪಿನಿಂದ ಕಾಲು ತೆಗೆಯುವಷ್ಟರಲ್ಲಿ ಇಪ್ಪತ್ತು ಮೂವತ್ತು ಹೋಗಿರುತ್ತದೆ. ಓಡುವಾಗಿನ ಬಡಿತ ಬೇಕಾದರೆ ಬೆಲ್ಟೇ ಬೇಕು. ಸ್ಟೆತಸ್ಕೋಪಿನಲ್ಲಿ ನಮಗೆ ಬೇಕಾದ್ದು 2, 5, 10, 15ನೇ ನಿಮಿಷದ ಅಂಕಿಗಳು. ನಡುವೆ ನಿಧಾನವಾಗಿ ನಡೆಸುತ್ತಿರಿ, ನೆರಳಿದ್ದರೆ ಅಲ್ಲಿಗೆ ಕರೆದುಕೊಂಡು ಹೋಗಿ. ಪ್ರತಿ ಸಲವೂ ಅದನ್ನೂ ಒಂದೇ ರೀತಿ ಮಾಡಬೇಕು.

ಬೆಲ್ಟ್ ಇರುವವರಿಗೆ: ಒಂದು ಪಟ್ಟಿ ಜೀನಿನ ಕೆಳಗೆ ಎಡಗಡೆ, ಇನ್ನೊಂದು ಮೊಣಕೈ ಹಿಂದೆ. ಕೂದಲು ಚೆನ್ನಾಗಿ ಒದ್ದೆ ಇರಬೇಕು, ಇಲ್ಲದಿದ್ದರೆ ತಲೆಬುಡ ಇಲ್ಲದ ಅಂಕಿ ಬರುತ್ತದೆ. ಸಮುದ್ರದ ನೀರು ಹಚ್ಚಿದರೆ ಸಿಗ್ನಲ್ ಬೊಂಬಾಟ್, ಉಪ್ಪು ಇದೆಯಲ್ಲ. ಮನೆಗೆ ಬಂದ ಮೇಲೆ ತೊಳೆಯದಿದ್ದರೆ ಗುಂಡಿಗಳು ತುಕ್ಕು ಹಿಡಿಯುತ್ತವೆ. ಒಂದು ಬೆಲ್ಟು ಹಾಗೇ ಕಳೆದುಕೊಂಡೆ.

ಬೆಲ್ಟಿನಿಂದ ಇನ್ನೂ ಒಂದು ಪರೀಕ್ಷೆ ಮಾಡಬಹುದು. ಮೂರ್ನಾಲ್ಕು ಬೇರೆ ಬೇರೆ ವೇಗದಲ್ಲಿ ಎರಡೆರಡು ನಿಮಿಷ ಓಡಿಸಿ, ಪ್ರತಿ ವೇಗದ ಬಡಿತ ಬರೆದು, ಚೌಕುಳಿ ಹಾಳೆಯಲ್ಲಿ ಚುಕ್ಕಿ ಇಡಿ. 120ರಿಂದ ಮೇಲೆ ಚುಕ್ಕಿಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಬರುತ್ತವೆ. 120ರ ಕೆಳಗೆ ಕುದುರೆಯ ಗಾಬರಿ, ಉತ್ಸಾಹವೂ ಬೆರೆತಿರುತ್ತದೆ, ಅದನ್ನು ಬಿಡಿ. ರೇಸ್ ಕುದುರೆಗಳ ಪರೀಕ್ಷೆಯಲ್ಲಿ ಬಡಿತ 200 ಮುಟ್ಟುವಾಗ ವೇಗ ಎಷ್ಟು ಅಂತ ನೋಡುತ್ತಾರೆ, ಅದಕ್ಕೆ ವಿ-200 ಅನ್ನುತ್ತಾರೆ. ನಮಗೆ 150ಕ್ಕೆ ಎಷ್ಟು ವೇಗ ಅಂತ ತಿಳಿದರೆ ಸಾಕು. ಎರಡು ತಿಂಗಳ ನಂತರ ಅದೇ 150ರಲ್ಲಿ ವೇಗ ಜಾಸ್ತಿ ಸಿಕ್ಕರೆ ತಯಾರಿ ಹಿಡಿದಿದೆ. ಅದೇ ವೇಗಕ್ಕೆ ಬಡಿತ ಎಂದಿಗಿಂತ ಹತ್ತು ಹದಿನೈದು ಜಾಸ್ತಿ ಬಂದರೆ, ದಮ್ಮಿಗಿಂತ ಮೊದಲು ನೋವನ್ನು ಅನುಮಾನಿಸಿ. ಕುಂಟು ಕಣ್ಣಿಗೆ ಕಾಣುವ ಮೊದಲೇ ಎದೆಯಲ್ಲಿ ಕೇಳಿಸಬಹುದು.

ಹಂತ 5: ಬಡಿತದ ಇಳಿತವನ್ನು ಓದೋದು

ದೂರದ ಸವಾರಿಯ ಸ್ಪರ್ಧೆಗಳಲ್ಲಿ ಕುದುರೆಗಳನ್ನು ನಡುನಡುವೆ ನಿಲ್ಲಿಸಿ ತಪಾಸಣೆ ಮಾಡುತ್ತಾರೆ. ಕೊಟ್ಟ ಹೊತ್ತಿನೊಳಗೆ ಬಡಿತ 64ಕ್ಕೋ ಅದಕ್ಕಿಂತ ಕೆಳಗೋ ಇಳಿಯದಿದ್ದರೆ ಆ ಕುದುರೆ ಮುಂದೆ ಹೋಗುವಂತಿಲ್ಲ. ಒಂಬತ್ತು ನಿಮಿಷದ ಟ್ರಾಟ್ ಅಷ್ಟು ದೊಡ್ಡ ಕೆಲಸವೇನಲ್ಲ. ಹತ್ತನೇ ನಿಮಿಷಕ್ಕೆ 60ರ ಕೆಳಗೆ ಬಂದರೆ ಚೆನ್ನಾಗಿದೆ ಅನ್ನಿ. 15ನೇ ನಿಮಿಷಕ್ಕೂ 64ರ ಮೇಲೇ ನಿಂತಿದ್ದರೆ ಕೆಲಸ ಜಾಸ್ತಿಯಾಯಿತು, ಇಲ್ಲವೇ ಹವೆ ಕೆಟ್ಟಿದೆ, ಇಲ್ಲವೇ ಮೈ ಸರಿಯಿಲ್ಲ. ಹವೆಯ ಮೊತ್ತ ಪಕ್ಕದಲ್ಲೇ ಬರೆದಿದ್ದೀರಲ್ಲ, ಅದನ್ನು ನೋಡಿ ತೀರ್ಮಾನಿಸಿ.

ಪಕ್ಕದವರ ಕುದುರೆಯ ಅಂಕಿಯ ಜೊತೆ ಹೋಲಿಸಬೇಡಿ. ಗಿಡ್ಡ ಪೋನಿಯ ಲೆಕ್ಕ ಬೇರೆ, ರೇಸಿನ ಥರೋಬ್ರೆಡ್ ತಳಿಯ ಲೆಕ್ಕ ಬೇರೆ, ವಯಸ್ಸಿನ ಲೆಕ್ಕ ಇನ್ನೂ ಬೇರೆ. ನಿಮ್ಮ ಕುದುರೆಯ ಈ ಹದಿನೈದು ದಿನಕ್ಕೆ ಹಿಂದಿನ ಹದಿನೈದು ದಿನವೇ ಅಳತೆಗೋಲು.

ಅನುಮಾನ ಬಂದಾಗ ಮಾಡುವ ಚಿಕ್ಕ ಪರೀಕ್ಷೆ ಒಂದಿದೆ. ಹತ್ತನೇ ನಿಮಿಷಕ್ಕೆ ಬಡಿತ ಎಣಿಸಿ, ಗಡಿಯಾರ ಶುರು ಮಾಡಿ. ಕೈಯಲ್ಲಿ ಹಗ್ಗ ಹಿಡಿದು 40 ಮೀಟರ್ ಟ್ರಾಟ್‌ನಲ್ಲಿ ಹೋಗಿ, ತಿರುಗಿ ಬನ್ನಿ. ಗಡಿಯಾರ ಒಂದು ನಿಮಿಷ ತೋರಿಸುವಾಗ ಮತ್ತೆ ಎಣಿಸಿ. ಮೊದಲಿನಷ್ಟೇ ಅಥವಾ ಕಡಿಮೆ ಇರಬೇಕು. ನಾಲ್ಕೋ ಅದಕ್ಕಿಂತ ಜಾಸ್ತಿಯೋ ಏರಿದ್ದರೆ ಕುದುರೆ ದಣಿದಿದೆ ಅಥವಾ ಎಲ್ಲೋ ನೋಯುತ್ತಿದೆ. ಒಬ್ಬರೇ ಮಾಡೋದು ಕಷ್ಟ. ನಾನು ಹಗ್ಗ ಹಿಡಿಯಲಿಕ್ಕೆ ಪಕ್ಕದ ಮನೆಯ ಹುಡುಗನನ್ನು ಕರೆಯುತ್ತೇನೆ. ಕುದುರೆಗಿಂತ ಜಾಸ್ತಿ ಏದುಸಿರು ಅವನದ್ದೇ.

ಹಂತ 6: ಉಸಿರು, ಶಾಖ, ನೀರು

ಉಸಿರನ್ನು ಪಕ್ಕೆ ನೋಡಿ ಎಣಿಸಬೇಕು. ಕುದುರೆ ಮೂಗಿನಿಂದ ಮಾತ್ರ ಉಸಿರಾಡುತ್ತದೆ, ನಾಯಿಯಂತೆ ಬಾಯಿ ತೆರೆದು ತೇಕೋದಿಲ್ಲ. ಟ್ರಾಟ್‌ಗಿಂತ ವೇಗದ ಕ್ಯಾಂಟರ್‌ನಲ್ಲೂ ನಾಗಾಲೋಟದಲ್ಲೂ ಒಂದು ನೆಗೆತಕ್ಕೆ ಒಂದು ಉಸಿರು, ಹೆಜ್ಜೆಯೇ ಉಸಿರಿನ ತಾಳ. ಹಾಗಾಗಿ ಓಡುವಾಗಿನ ಉಸಿರಿನಿಂದ ದಮ್ಮು ತಿಳಿಯೋದಿಲ್ಲ, ನಿಂತ ಮೇಲೆ ನೋಡಬೇಕು. ಸೆಕೆಯ ದಿನ ಉಸಿರಿನ ಸಂಖ್ಯೆ ಬಡಿತಕ್ಕಿಂತ ಜಾಸ್ತಿ ಆಗಬಹುದು. ಶಾಖ ಹೊರಹಾಕಲು ಮಾಡುವ ಕಸರತ್ತು ಅದು. ಆಗ ಥರ್ಮಾಮೀಟರ್ ಹೇಳಿದ್ದೇ ಅಂತಿಮ.

ಓಟ ನಿಂತ ಮೇಲೂ ಕೆಲವು ನಿಮಿಷ ಗುದದ ಶಾಖ ಏರುತ್ತಲೇ ಇರುತ್ತದೆ. ನಿಂತ ಕೂಡಲೇ ಒಂದು, ಹತ್ತನೇ ನಿಮಿಷಕ್ಕೆ ಇನ್ನೊಂದು ಅಳತೆ ತೆಗೆಯಿರಿ. 39.5ರ ತನಕ ಹೋಗಿ ಇಳಿದರೆ ಸರಿ. 40 ದಾಟಿದರೆ ಪುಸ್ತಕ ಪಕ್ಕಕ್ಕಿಟ್ಟು ನೀರು ಹೊಯ್ಯಿರಿ. 41 ಅಂದರೆ ಅಪಾಯ.

ಬಿಸಿಯಾದ ಕುದುರೆಗೆ ತಣ್ಣೀರು ಹೊಯ್ದರೆ ಸ್ನಾಯು ಹಿಡಿಯುತ್ತದೆ, ಹೊಟ್ಟೆನೋವು ಬರುತ್ತದೆ ಅಂತ ಹಿರಿಯರು ಹೇಳುತ್ತಾರೆ. ಅದಕ್ಕೆ ಆಧಾರ ಇಲ್ಲ. ಬಾವಿಯ ನೀರು ಕೊಡಗಟ್ಟಲೆ, ನಿಲ್ಲಿಸದೆ, ಕುತ್ತಿಗೆ, ಎದೆ, ಬೆನ್ನು, ತೊಡೆ ಎಲ್ಲ ಕಡೆ ಸುರಿಯಿರಿ. ನಡುನಡುವೆ ಒರೆಸಿ ತೆಗೆಯುವ ಕೆಲಸ ಬೇಡ, ಆ ಹೊತ್ತಿನಲ್ಲಿ ಇನ್ನೆರಡು ಕೊಡ ಬೀಳುತ್ತದೆ. ದಂಡೆಯಲ್ಲಿ ಬೇರೆ ಏನೂ ಸಿಗದಿದ್ದರೆ ಸಮುದ್ರದ ನೀರೇ ಆದೀತು. ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆದರಾಯಿತು. ಇಲ್ಲದಿದ್ದರೆ ಜೀನಿನ ಜಾಗದಲ್ಲಿ ಉಪ್ಪು ಉಜ್ಜಿ ಹುಣ್ಣಾಗುತ್ತದೆ. ಕುಡಿಯಲೂ ನೀರು ಕೊಡಿ, ತಡೆಯಬೇಡಿ.

ನೀರು ಕಡಿಮೆಯಾಗಿದೆಯಾ ಅಂತ ನೋಡಲು ಮೇಲ್ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಯಾದ ಜಾಗ ಎರಡು ಸೆಕೆಂಡಿನಲ್ಲಿ ಗುಲಾಬಿಗೆ ತಿರುಗಬೇಕು. ವಸಡು ಒದ್ದೆಯಾಗಿ ಜಾರುವಂತಿರಬೇಕು, ಅಂಟಬಾರದು.

ಹಂತ 7: ಬೆವರು

ಕುದುರೆಯ ಬೆವರಿನಲ್ಲಿ ಉಪ್ಪು ಮನುಷ್ಯರ ಬೆವರಿಗಿಂತ ತುಂಬಾ ಜಾಸ್ತಿ. ಸೆಕೆಯಲ್ಲಿ ಜೋರು ಕೆಲಸ ಮಾಡುವ ದೊಡ್ಡ ಕುದುರೆ ಗಂಟೆಗೆ 10ರಿಂದ 15 ಲೀಟರ್ ಬೆವರೀತು. ಲಗಾಮಿನ ಕೆಳಗೆ, ತೊಡೆಯ ಸಂದಿಯಲ್ಲಿ ಸಾಬೂನಿನಂಥ ನೊರೆ ಕಾಣುತ್ತದಲ್ಲ, ಅದು ಬೆವರಿನಲ್ಲಿರುವ ಲ್ಯಾಥರಿನ್ ಅನ್ನುವ ಪ್ರೋಟೀನಿನ ಕೆಲಸ. ಬೆವರು ಕೂದಲ ಮೇಲೆ ಹರಡಿಕೊಳ್ಳಲಿಕ್ಕೆ ಅದು ಬೇಕು. ಕೆಲಸವಿಲ್ಲದ ದಿನವೂ 500 ಕಿಲೋದ ಕುದುರೆಗೆ 25ರಿಂದ 30 ಗ್ರಾಂ ಉಪ್ಪು ಬೇಕು, ಬೆವರಿದ ದಿನ ಇನ್ನೂ ಜಾಸ್ತಿ.

ಹೆದರಬೇಕಾದ್ದು ಬೆವರು ನಿಂತಾಗ. ಬಿಸಿ ಮತ್ತು ತೇವಾಂಶ ಎರಡೂ ಇರುವ ಊರುಗಳಲ್ಲಿ ಕೆಲವು ಕುದುರೆಗಳಿಗೆ ಬೆವರುವ ಶಕ್ತಿಯೇ ಕುಂದುತ್ತದೆ. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ತಂದ ಕುದುರೆಗಳಲ್ಲೂ ಇದು ಕಂಡಿತ್ತು. ಓಡಿದ ಮೇಲೆ ಮೈ ಒಣಗಿದೆ, ಏದುಸಿರು ನಿಲ್ಲುತ್ತಿಲ್ಲ, ಶಾಖ ಇಳಿಯುತ್ತಿಲ್ಲ ಅಂದರೆ ಇದೇ ಇರಬಹುದು. ಇದನ್ನು ಫಿಟ್‌ನೆಸ್ ಕೊರತೆ ಅಂದುಕೊಂಡು ಇನ್ನಷ್ಟು ಓಡಿಸಿದರೆ ಕುದುರೆ ಕೈಬಿಟ್ಟು ಹೋಗುತ್ತದೆ.

ಹಂತ 8: ರಕ್ತ ಪರೀಕ್ಷೆ, ಬೇಕಾದರೆ

ವೇಗ ಏರಿದಂತೆ, ಜೋರು ಕೆಲಸದಲ್ಲಿ ಸ್ನಾಯು ಬಿಡುವ ಲ್ಯಾಕ್ಟೇಟ್ ರಕ್ತದಲ್ಲಿ ಏರುತ್ತದೆ. ವಿಶ್ರಾಂತಿಯಲ್ಲಿ ಲೀಟರಿಗೆ 1 ಮಿಲಿಮೋಲ್ ಸುಮಾರು. 4 ದಾಟುವ ವೇಗ ಯಾವುದು ಅಂತ ಗುರುತಿಸಿ, ತಯಾರಿ ಆದಂತೆ ಆ ವೇಗ ಮೇಲೆ ಸರಿಯುತ್ತದೆಯಾ ಅಂತ ನೋಡುತ್ತಾರೆ. ರಕ್ತ ತೆಗೆಯೋದು ಡಾಕ್ಟರ ಕೆಲಸ, ನಾವು ಸೂಜಿ ಹಿಡಿಯೋದು ಬೇಡ. ಕೆಂಪು ಕಣಗಳ ಪ್ರಮಾಣ ನೋಡುವಾಗ ಒಂದು ಎಚ್ಚರ: ಕುದುರೆಯ ಗುಲ್ಮದಲ್ಲಿ (ಸ್ಪ್ಲೀನ್) ಕೆಂಪು ಕಣಗಳ ದೊಡ್ಡ ದಾಸ್ತಾನು ಇರುತ್ತದೆ. ಓಡಿದರೆ, ಹೆದರಿದರೂ ಸಾಕು, ಅದು ರಕ್ತಕ್ಕೆ ಸುರಿಯುತ್ತದೆ. ಸೂಜಿ ಕಂಡು ಕುಣಿದ ಕುದುರೆಯ ರಿಪೋರ್ಟು ನೋಡಿ ರಕ್ತ ಚೆನ್ನಾಗಿದೆ ಅಂತ ಹಿಗ್ಗಬಾರದು.

ಹಂತ 9: ಮರುದಿನ ಬೆಳಿಗ್ಗೆ ಕಾಲು

ಎದೆ ಮತ್ತು ಸ್ನಾಯು ಎರಡು ಮೂರು ತಿಂಗಳಲ್ಲಿ ತಯಾರಾಗುತ್ತವೆ. ಎಲುಬು, ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಅಷ್ಟು ಬೇಗ ಗಟ್ಟಿಯಾಗೋದಿಲ್ಲ, ವರ್ಷವೇ ಬೇಕಾದೀತು. ಎದೆಬಡಿತದ ಅಂಕಿ ಚೆಂದ ಕಾಣುವ ಹೊತ್ತಿಗೇ ಕಾಲು ಕೈಕೊಡೋದು ಇದಕ್ಕೇ. ಪರೀಕ್ಷೆಯ ಮರುದಿನ ಲಾಯದಿಂದ ಹೊರಗೆ ತರುವ ಮೊದಲು, ಕೂತು ನಾಲ್ಕೂ ಕಾಲಿನ ಮೇಲೆ ಕೈ ಆಡಿಸಿ. ಮೊಣಕಾಲಿನ ಕೆಳಗೆ, ಹಿಂಭಾಗದ ರಜ್ಜಿನ ಉದ್ದಕ್ಕೂ ಬೆರಳು ಒತ್ತುತ್ತ ಇಳಿಯಿರಿ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿ, ಅಥವಾ ಒತ್ತಿದಾಗ ಕಾಲು ಸರಕ್ಕನೆ ಎಳೆದುಕೊಂಡರೆ ಓಟ ಇಲ್ಲ. ಒಣ ಮರಳಿನಲ್ಲಿ ಓಡಿಸಿದ ಮರುದಿನ ಇದು ಹೆಚ್ಚು. ಮೂತ್ರ ಕಾಫಿ ಬಣ್ಣಕ್ಕೆ ಬಂದು, ತೊಡೆ ಕಲ್ಲಿನಂತಾಗಿ, ಹೆಜ್ಜೆ ಇಡಲು ಹಿಂಜರಿದರೆ ಸ್ನಾಯು ಒಡೆದಿದೆ ಅಂತ ಅರ್ಥ. ನಡೆಸಬೇಡಿ, ನಿಂತಲ್ಲೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ಮಳೆಗಾಲ ಕಳೆದ ಮೇಲೆ

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ದಂಡೆಯೇ ಇರೋದಿಲ್ಲ, ಸಮುದ್ರ ಗಾಳಿಮರದ ಬುಡಕ್ಕೇ ಬರುತ್ತದೆ. ಎರಡು ಮೂರು ವಾರದ ರಜೆಯಿಂದ ಕುದುರೆಯ ದಮ್ಮು ಅಷ್ಟೇನೂ ಹೋಗೋದಿಲ್ಲ. ಮೂರು ನಾಲ್ಕು ತಿಂಗಳು ಲಾಯದಲ್ಲೇ ನಿಂತರೆ ಎಲುಬಿನಿಂದ ಹಿಡಿದು ಎಲ್ಲವೂ ಸಡಿಲ. ಅಕ್ಟೋಬರ್‌ನಲ್ಲಿ ಮೊದಲ ನಾಲ್ಕು ವಾರ ನಾನು ಬರೀ ನಡೆಸುತ್ತೇನೆ, ಗಟ್ಟಿ ನೆಲದಲ್ಲಿ ಇಪ್ಪತ್ತು ನಿಮಿಷದಿಂದ ಶುರು ಮಾಡಿ ಒಂದು ಗಂಟೆ ತನಕ. ಆಮೇಲೆ ಹೊಸ ಹಾಳೆ, ಮತ್ತೆ ಏಳು ದಿನದ ಬೆಳಗಿನ ಲೆಕ್ಕ, ಮತ್ತೆ ಇಳಿತ ನೋಡಿ ಮೊದಲ ಒಂಬತ್ತು ನಿಮಿಷ. ಕಳೆದ ಸಲ ಆ ಹಾಳೆಯಲ್ಲಿ ಹತ್ತನೇ ನಿಮಿಷದ ಅಂಕಿ 68 ಇತ್ತು, ಹವೆ 158. ಜನವರಿಯ ಎರಡನೇ ಇಳಿತಕ್ಕೆ 52, ಹವೆ 146. ಇದರಲ್ಲಿ ಎಷ್ಟು ಕಾಳಿಯದು, ಎಷ್ಟು ಜನವರಿಯದು ಅಂತ ತಿಳಿಯಲು ಈಗ ಮಾರ್ಚ್‌ನಲ್ಲಿ 158 ಬರುವ ಬೆಳಿಗ್ಗೆಗೆ ಕಾಯುತ್ತಿದ್ದೇನೆ.